ಕೈಗೆ ತಕ್ಕ ಹ್ಯಾಂಡಲ್ಲು

ಕಲಾವಿಭಾಗದ ವಿದ್ಯಾರ್ಥಿಯೊಬ್ಬನು ಮೋಟಾರು ಸೈಕಲ್ಲಿನ ಹ್ಯಾಂಡಲ್ಲಿನ ಮೇಲೆ ಲೇಖನ ಬರೆಯಹೊರಟರೆ ವಾಚಕರು ಹುಬ್ಬೇರಿಸುವುದು ಸಹಜ. ಅರ್ಥಶಾಸ್ತ್ರದ ತರಗತಿಯಲ್ಲಿ ನಾನು ಕಲಿಯುತ್ತಿರುವುದಕ್ಕೂ ಇದಕ್ಕೂ ಏನೇನೂ ಸಂಬಂಧವಿಲ್ಲ. ಆದರೆ ಕಳೆದ ಮಳೆಗಾಲದಿಂದೀಚೆಗೆ ಯಾವ ಪಠ್ಯಪುಸ್ತಕಕ್ಕಿಂತಲೂ ಹೆಚ್ಚಾಗಿ ನನ್ನ ತಲೆ ತಿಂದದ್ದು ಈ ಒಂದು ಕೊಳವೆಯ ತುಂಡು. ನಮ್ಮ ಕಾಲೇಜಿನ ಆವರಣದಲ್ಲಿ ನಿಲ್ಲುವ ಗಾಡಿಗಳನ್ನು ನೋಡಿದರೆ, ಹ್ಯಾಂಡಲ್ಲು ಬದಲಾಯಿಸಿಕೊಂಡ ಮಿತ್ರರು ಕೆಲವರಾದರೂ ಇದ್ದಾರೆ. ಬದಲಾಯಿಸಬೇಕೆಂದಿರುವವರು ಇನ್ನೂ ಹೆಚ್ಚು. ಅವರಿಗೆ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಹೊಸನಗರ ತಾಲ್ಲೂಕು. ನಿಟ್ಟೂರಿನಿಂದ ಆಚೆಗೆ, ಕೊಡಚಾದ್ರಿಯ ತಪ್ಪಲು. ನನ್ನ ಅಣ್ಣ ಕೊನೆಗಾರ. ಬಯಲುಸೀಮೆಯಿಂದ ಬಂದ ಗೆಳೆಯರಿಗೆ ಈ ಮಾತು ಹೊಸದಿರಬಹುದು: ಅಡಿಕೆಮರ ಹತ್ತಿ ಕೊನೆ ಇಳಿಸುವವನು ಕೊನೆಗಾರ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವವನೂ ಅವನೇ. ಒಂದು ಮರದ ತಲೆಯಿಂದ ಪಕ್ಕದ ಮರವನ್ನು ಕೈಚಾಚಿ ಎಳೆದುಕೊಂಡು ದಾಟುವ ಕೆಲಸ ಅದು. ಅವನ ಆಸ್ತಿಯೆಂದರೆ ಎರಡು ಕೈ, ಒಂದು ಹಗ್ಗ, ಒಂದು ಕತ್ತಿ. ದಿನಕ್ಕೊಂದು ಊರಿನ ತೋಟವಾದ್ದರಿಂದ ಈಗ ಎರಡು ವರ್ಷದ ಹಿಂದೆ ಒಂದು ಗಾಡಿಯನ್ನೂ ಕೊಂಡ, ಬೇರೆಯವರು ಓಡಿಸಿ ಬಿಟ್ಟದ್ದನ್ನು.

ಗಾಡಿ 'ಡ್ಯೂಯಲ್ ಸ್ಪೋರ್ಟ್' ಎಂದು ಕರೆಯಿಸಿಕೊಳ್ಳುವ ಜಾತಿಯದು. ಟಾರು ರಸ್ತೆಗೂ ಸೈ, ಕಾಡುದಾರಿಗೂ ಸೈ ಎಂಬುದು ಆ ಹೆಸರಿನ ತಾತ್ಪರ್ಯ. ೧೯೬೮ರಲ್ಲಿ ಜಪಾನಿನ ಯಮಾಹಾ ಸಂಸ್ಥೆ ಅಮೆರಿಕಾದ ಸವಾರರಿಗಾಗಿ ಡಿಟಿ-೧ ಎಂಬ ೨೫೦ ಸಿ.ಸಿ. ಗಾಡಿಯನ್ನು ಹೊರತಂದ ಮೇಲೆ ಈ ಜಾತಿ ಜನಪ್ರಿಯವಾಯಿತು. ನಮ್ಮ ದೇಶಕ್ಕೆ ಅದು ನಿಧಾನವಾಗಿ ಬಂತು. ೨೦೧೧ರಲ್ಲಿ ಹೀರೋ ಇಂಪಲ್ಸ್, ೨೦೧೬ರಲ್ಲಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್, ೨೦೧೯ರಲ್ಲಿ ಹೀರೋ ಎಕ್ಸ್‌ಪಲ್ಸ್ ೨೦೦ ಇವು ಬಂದವು. ಹಿಮಾಲಯನ್ ಮತ್ತು ಎಕ್ಸ್‌ಪಲ್ಸ್ ಎರಡಕ್ಕೂ ಮುಂದಿನ ಗಾಲಿ ೨೧ ಅಂಗುಲದ್ದು. ನೆಲಕ್ಕೂ ಹೊಟ್ಟೆಗೂ ನಡುವೆ ೨೨೦ ಮಿಲಿಮೀಟರ್ ಅಂತರ. ಬೆಂಗಳೂರಿನ ಸವಾರರು ವಿನೋದಕ್ಕಾಗಿ ಕೊಡಚಾದ್ರಿಯ ದಾರಿಗೆ ತರುವ ಗಾಡಿಯಲ್ಲೇ ನನ್ನ ಅಣ್ಣ ಕೂಲಿಗೆ ಹೋಗುತ್ತಾನೆ.

ಹೋದ ಶ್ರಾವಣದಲ್ಲಿ, ಎರಡನೆಯ ಸಲದ ಔಷಧಿ ಹೊಡೆದು ಹಿಂದಿರುಗುತ್ತಿದ್ದಾಗ, ಪಾಚಿಗಟ್ಟಿದ ಜಂಬಿಟ್ಟಿಗೆಯ ಇಳುಕಲಿನಲ್ಲಿ ಗಾಡಿ ಎಡಕ್ಕೆ ಮಗುಚಿತು. ವೇಗವೇನೂ ಇರಲಿಲ್ಲ. ಆದರೆ ಕ್ಲಚ್ಚಿನ ಲಿವರ್ ಕಲ್ಲಿಗೆ ಬಡಿದು ಮುರಿಯಿತು. ಮುರಿಯುವ ಮೊದಲು ಅದಕ್ಕೂ ಹ್ಯಾಂಡಲ್ಲಿಗೂ ನಡುವೆ ಇದ್ದ ಎರಡು ಬೆರಳುಗಳನ್ನು ಜಜ್ಜಿತು. ಹ್ಯಾಂಡಲ್ಲು ಒಂದು ಪಕ್ಕಕ್ಕೆ ಬಾಗಿತು. ಮೂರು ವಾರ ಅಣ್ಣ ಮರ ಹತ್ತಲಿಲ್ಲ. ಒಪ್ಪಿಕೊಂಡಿದ್ದ ತೋಟಗಳು ಬೇರೆಯವರ ಪಾಲಾದವು. ಬೆರಳಿಗೆ ಬಟ್ಟೆ ಸುತ್ತಿಕೊಂಡು ಜಗಲಿಯ ಮೇಲೆ ಕುಳಿತವನು ನನ್ನನ್ನು ಕರೆದು, "ತಮ್ಮಾ, ನೀನು ಓದಿದವ. ಇನ್ನೊಂದು ಹ್ಯಾಂಡಲ್ಲು ಯಾವುದು ಹಾಕಿಸೋದು, ಕೈಗೆ ಅಡ್ಡ ಏನು ಕಟ್ಟೋದು, ನೀನೇ ನೋಡಿ ತಾ" ಎಂದ.

ಓದಿದವನು ಶಿವಮೊಗ್ಗಕ್ಕೆ ಹೋಗಿ ಅಂಗಡಿಯಲ್ಲಿ ಕೆಂಪು ಬಣ್ಣದ, ಥಳಥಳಿಸುವ, ಹೊಟ್ಟೆ ದಪ್ಪಗಿದ್ದ ಹ್ಯಾಂಡಲ್ಲೊಂದನ್ನು ಮೆಚ್ಚಿಕೊಂಡ. ಅಂಗಡಿಯಾತ, "ನಿಮ್ಮ ಗಾಡಿಯದು ಎಷ್ಟು ಎಂ.ಎಂ.?" ಎಂದು ಕೇಳಿದಾಗ ಉತ್ತರ ಹೇಳಲಾರದೆ ಬರಿಗೈಯಲ್ಲಿ ಬಂದ. ಆ ಪ್ರಶ್ನೆಗೆ ನಾನು ಇಂದಿಗೂ ಋಣಿ.

ಹ್ಯಾಂಡಲ್ಲಿನ ಗಾತ್ರದಲ್ಲಿ ಮುಖ್ಯವಾಗಿ ಎರಡು ಬಗೆ. ಹಳೆಯದು ಉದ್ದಕ್ಕೂ ೨೨.೨ ಮಿಲಿಮೀಟರ್, ಅಂದರೆ ಮುಕ್ಕಾಲು ಅಂಗುಲದ ಮೇಲೆ ಅರ್ಧಪಾವು. ಹೊಸದು ನಡುವೆ, ಕ್ಲ್ಯಾಂಪು ಹಿಡಿಯುವಲ್ಲಿ, ೨೮.೬ ಮಿಲಿಮೀಟರ್ ಇದ್ದು, ತುದಿಗಳ ಕಡೆಗೆ ಸಣ್ಣದಾಗುತ್ತಾ ಹೋಗಿ ಮತ್ತೆ ೨೨.೨ಕ್ಕೇ ನಿಲ್ಲುತ್ತದೆ. ತುದಿ ಎರಡರಲ್ಲೂ ಒಂದೇ ಆಗಿರಲು ಕಾರಣವುಂಟು: ಲಿವರು, ಸ್ವಿಚ್ಚು, ಗ್ರಿಪ್ಪುಗಳೆಲ್ಲ ಆ ಅಳತೆಗೇ ಆಗಿವೆ. ದಪ್ಪ ನಡುವಿನದು ಬಾಗುವುದು ಕಡಿಮೆ, ನಿಜ. ಆದರೆ ೨೨.೨ರ ಕ್ಲ್ಯಾಂಪಿನಲ್ಲಿ ಅದು ಕೂರದು. ಕ್ಲ್ಯಾಂಪನ್ನೂ ಬದಲಾಯಿಸಬೇಕು, ಬದಲಾಯಿಸಿದರೆ ಎತ್ತರವೂ ಬದಲಾಗುತ್ತದೆ, ಎತ್ತರ ಬದಲಾದರೆ ಕೇಬಲ್ಲು ಸಾಲದೆ ಬರಬಹುದು. ಒಂದನ್ನು ಮುಟ್ಟಿದರೆ ಇನ್ನೊಂದು ಅಲುಗುವ ಸಂಸಾರ ಇದು. ಊರಿನ ಲೇತ್ ಅಂಗಡಿಯವರಿಂದ ವರ್ನಿಯರ್ ಕ್ಯಾಲಿಪರ್ಸ್ ಬೇಡಿ ತಂದು ಅಳೆದೆ. ಪ್ರೌಢಶಾಲೆಯಲ್ಲಿ ಅಂಕಕ್ಕಾಗಿ ಕಲಿತ ಆ ಉಪಕರಣ ಬದುಕಿನಲ್ಲಿ ಬಳಕೆಗೆ ಬಂದದ್ದು ಅದೇ ಮೊದಲು. ನಮ್ಮದು ೨೨.೨. ಅದನ್ನೇ ಇಟ್ಟುಕೊಳ್ಳುವುದೆಂದು ನಿಶ್ಚಯವಾಯಿತು.

ಇನ್ನು ಲೋಹದ ಮಾತು. ಉಕ್ಕಿನ ಹ್ಯಾಂಡಲ್ಲು ಅಗ್ಗ, ಭಾರ, ಬಿದ್ದರೆ ಬಾಗುತ್ತದೆ. ಅಲ್ಯೂಮಿನಿಯಂ ಮಿಶ್ರಲೋಹದ್ದು ಹಗುರ, ಒಳ್ಳೆಯದಾದರೆ ಉಕ್ಕಿಗಿಂತ ಸುಲಭವಾಗಿ ಬಾಗದು. ಆದರೆ ಒಮ್ಮೆ ಬಾಗಿತೆಂದರೆ ಅದರ ಆಯುಷ್ಯ ಮುಗಿಯಿತು. ಬಡಿದು ನೇರ ಮಾಡಹೊರಟರೆ ಕಣ್ಣಿಗೆ ಕಾಣದ ಬಿರುಕು ಉಳಿದು, ಮುಂದೊಂದು ದಿನ ಹೇಳದೆ ಕೇಳದೆ ಮುರಿದು ಕೈಗೆ ಬರುತ್ತದೆ. ಉಕ್ಕನ್ನು ಹಳ್ಳಿಯ ಗ್ಯಾರೇಜುಗಳಲ್ಲಿ ಕೊಳವೆ ತೂರಿಸಿ ಎಳೆದು ನೆಟ್ಟಗೆ ಮಾಡುವುದುಂಟು. ಮನೆ ಸೇರುವವರೆಗೆ ಅದು ಸರಿ. ಅದನ್ನೇ ಕಾಯಂ ಮಾಡಿಕೊಳ್ಳುವುದು ಸರಿಯಲ್ಲ. (ಅಲ್ಯೂಮಿನಿಯಂ ಹ್ಯಾಂಡಲ್ಲಿಗೆ ಹೆಸರಾದ ಇಂಗ್ಲೆಂಡಿನ ರೆಂಥಾಲ್ ಸಂಸ್ಥೆ ೧೯೬೯ರಲ್ಲಿ ಹುಟ್ಟಿತು. ರೆನ್‌ಶಾ, ರೋಸೆಂಥಾಲ್ ಎಂಬಿಬ್ಬರು ತಮ್ಮ ಹೆಸರುಗಳನ್ನು ಸಂಧಿ ಮಾಡಿ ಇಟ್ಟ ಹೆಸರಂತೆ ಅದು. ಯಾವ ಸಂಧಿಯೆಂದು ನಮ್ಮ ಕನ್ನಡ ಅಧ್ಯಾಪಕರು ಹೇಳಬೇಕು.)

ಲೋಹದ ಆಯ್ಕೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ, ಅಂಗಡಿಯಲ್ಲಿ ಅದನ್ನು ಯಾರೂ ಹೇಳುವುದಿಲ್ಲ. ಹೊರಗಿನ ಅಳತೆ ಒಂದೇ ಆದರೂ ಅಲ್ಯೂಮಿನಿಯಂ ಕೊಳವೆಯ ಗೋಡೆ ದಪ್ಪ, ಆದ್ದರಿಂದ ಒಳಗಿನ ರಂಧ್ರ ಕಿರಿದು. ನಾವು ಅಳೆದಾಗ ಹಳೆಯ ಉಕ್ಕಿನದರ ರಂಧ್ರ ಸುಮಾರು ೧೮ ಮಿಲಿಮೀಟರ್, ಹೊಸ ಅಲ್ಯೂಮಿನಿಯಂನದು ಸುಮಾರು ೧೪. ಹ್ಯಾಂಡ್ ಗಾರ್ಡಿನ ತುದಿ ಈ ರಂಧ್ರದೊಳಗೇ ಹೋಗಿ ಬಿಗಿಯಬೇಕಾದ್ದರಿಂದ, ಒಂದಕ್ಕೆ ಹೊಂದುವ ಬಿರಡೆ ಇನ್ನೊಂದಕ್ಕೆ ಹೊಂದದು. ಹ್ಯಾಂಡಲ್ಲನ್ನೂ ಗಾರ್ಡನ್ನೂ ಬೇರೆ ಬೇರೆ ದಿನ ಬೇರೆ ಬೇರೆ ಅಂಗಡಿಯಲ್ಲಿ ಕೊಂಡರೆ ಇಲ್ಲಿಯೇ ಪೇಚು. ಇವೆರಡನ್ನೂ ಒಂದೇ ವಸ್ತುವೆಂದು ಭಾವಿಸಿ ಆರಿಸಬೇಕು.

ಆಕಾರದ ವಿಷಯ ಎಲ್ಲಕ್ಕಿಂತ ದೊಡ್ಡದು. ಅಗಲ, ಎತ್ತರ, ಮತ್ತು ತುದಿಗಳು ಸವಾರನ ಕಡೆಗೆ ಎಷ್ಟು ಹಿಂದಕ್ಕೆ ಬಾಗಿವೆ ಎಂಬುದು, ಈ ಮೂರನ್ನು ನೋಡಬೇಕು. ಕಾಡುದಾರಿಯಲ್ಲಿ ಸವಾರ ಫುಟ್‌ರೆಸ್ಟಿನ ಮೇಲೆ ಎದ್ದು ನಿಲ್ಲುತ್ತಾನೆ. ಆಗ ಹಳ್ಳದಿಣ್ಣೆಗಳ ಹೊಡೆತವನ್ನು ಮೊಣಕಾಲು ನುಂಗುತ್ತದೆ. ಹ್ಯಾಂಡಲ್ಲು ತಗ್ಗಾಗಿದ್ದರೆ ನಿಂತವನು ಗೂನುಬೆನ್ನಿನವನಾಗುತ್ತಾನೆ. ತೀರ ಎತ್ತರವಾದರೆ ಕುಳಿತಾಗ ತೋಳು ಸೋಲುತ್ತದೆ. ಇದನ್ನು ಕೋಷ್ಟಕ ನೋಡಿ ತಿಳಿಯಲಾಗದು. ನಾನು ಹಿಂದಿನಿಂದ ಗಾಡಿಯನ್ನು ನೆಟ್ಟಗೆ ಹಿಡಿದುಕೊಂಡೆ. ಅಣ್ಣ ಫುಟ್‌ರೆಸ್ಟಿನ ಮೇಲೆ ನಿಂತು ಕಣ್ಣು ಮುಚ್ಚಿ ಕೈ ಎಲ್ಲಿಗೆ ತಾನಾಗಿ ಬರುವುದೋ ಅಲ್ಲಿ ಮುಷ್ಟಿ ಕಟ್ಟಿದ. ಅತ್ತಿಗೆ ದಾರದಿಂದ ಅಳೆದರು. ಹಳೆಯ ಹ್ಯಾಂಡಲ್ಲಿಗಿಂತ ಎರಡು ಬೆರಳು ಮೇಲೆ ಬೇಕಾಗಿತ್ತು, ಅಷ್ಟೆ. ಹಲವರು ಹೊಸದನ್ನು ಕೊಳ್ಳದೆ ಇರುವುದನ್ನೇ ಕ್ಲ್ಯಾಂಪಿನಲ್ಲಿ ಮುಂದಕ್ಕೆ ತಿರುಗಿಸಿ ಎತ್ತರ ಪಡೆಯುತ್ತಾರೆ. ಆಗ ತುದಿಗಳ ಬಾಗು ಕೆಟ್ಟು ಮಣಿಕಟ್ಟು ಸೊಟ್ಟಗಾಗಿ, ಹತ್ತು ಮೈಲಿ ಹೋಗುವಷ್ಟರಲ್ಲಿ ಹೆಬ್ಬೆರಳ ಬುಡ ಮರಗಟ್ಟುತ್ತದೆ.

ಅಗಲ ಹೆಚ್ಚಿದಷ್ಟೂ ತಿರುಗಿಸುವುದು ಹಗುರ. ಇದು ಸನ್ನೆಗೋಲಿನ ತತ್ತ್ವ. ಆದರೆ ನಮ್ಮ ಕಡೆ ತೋಟಕ್ಕೆ ಹೋಗಬೇಕಾದರೆ ದಣಪೆ ದಾಟಬೇಕು. ಗಾರ್ಡು ಸೇರಿದರೆ ಎರಡು ಕಡೆಗೂ ಸ್ವಲ್ಪ ಸ್ವಲ್ಪ ಅಗಲ ಹೆಚ್ಚುತ್ತದೆ. ಅಣ್ಣ ದಿನವೂ ದಾಟುವ ಅತಿ ಇಕ್ಕಟ್ಟಿನ ದಣಪೆಯನ್ನು ಅಳೆದು, ಗಾರ್ಡು ಸೇರಿ ೮೧ ಸೆಂಟಿಮೀಟರಿಗೆ ಮೀರದಂತೆ ಆರಿಸಿದೆವು. ಯಾವ ಕಂಪೆನಿಯ ಪಟ್ಟಿಯಲ್ಲಿಯೂ ದಣಪೆಯ ಉಲ್ಲೇಖವಿಲ್ಲ.

ಹ್ಯಾಂಡ್ ಗಾರ್ಡುಗಳಲ್ಲಿಯೂ ಎರಡು ಪಂಗಡ. ಒಂದು ಬರಿಯ ಪ್ಲಾಸ್ಟಿಕ್ಕಿನದು, ಒಂದೇ ಕಡೆ ಹಿಡಿತ, ಹೊರತುದಿ ತೆರೆದದ್ದು. ಗಾಳಿ, ಮಳೆ, ಲಂಟಾನದ ಕಡ್ಡಿ ಇವುಗಳಿಗೆ ಅದು ಸಾಕು. ಗಾಡಿ ಬಿದ್ದಾಗ ಲಿವರನ್ನು ಕಾಯಲಾರದು. ಇನ್ನೊಂದಕ್ಕೆ ಒಳಗೆ ಅಲ್ಯೂಮಿನಿಯಂ ಪಟ್ಟಿಯುಂಟು. ಹ್ಯಾಂಡಲ್ಲಿನ ತುದಿಯಿಂದ ಹೊರಟು ಲಿವರನ್ನು ಸುತ್ತಿ ಬಂದು ಒಳಗಡೆ ಮತ್ತೆ ಕ್ಲ್ಯಾಂಪಾಗುತ್ತದೆ. ಬಿದ್ದಾಗ ನೆಲ ಮುಟ್ಟುವುದು ಪಟ್ಟಿ, ಲಿವರಲ್ಲ. ಆಸ್ಟ್ರೇಲಿಯದ ಒಂದು ಕಂಪೆನಿ ತನ್ನ ಗಾರ್ಡಿಗೆ 'ಬಾರ್ಕ್‌ಬಸ್ಟರ್ಸ್' ಎಂದು ಹೆಸರಿಟ್ಟಿದೆ; ತೊಗಟೆ ಸೀಳುವವರು ಎಂದರ್ಥ. ಬೆರಳಿನ ಸಿಪ್ಪೆಯ ಬದಲು ಮರದ ಸಿಪ್ಪೆ ಹೋಗಲಿ ಎಂಬ ಆಶಯವಿರಬೇಕು. ಸುತ್ತುಪಟ್ಟಿಯ ಗಾರ್ಡಿಗೆ ದೋಷಗಳೂ ಉಂಟು. ತೂಕ ಹೆಚ್ಚು. ಹ್ಯಾಂಡಲ್ಲಿನ ತುದಿಯಲ್ಲಿ ನಡುಕ ತಗ್ಗಿಸಲು ಇಟ್ಟ ಕಬ್ಬಿಣದ ಗುಂಡುಗಳನ್ನು ಇದಕ್ಕಾಗಿ ತೆಗೆಯಬೇಕಾದೀತು. ಬೀಳುವಾಗ ಕೈ ಅದರೊಳಗೆ ಸಿಕ್ಕಿಕೊಂಡೀತೆಂಬ ಭಯವೂ ನಿರಾಧಾರವಲ್ಲ. ಎಲ್ಲವನ್ನೂ ತೂಗಿ, ಬೆರಳು ಮುಖ್ಯವಾದ್ದರಿಂದ, ನಾವು ಇದನ್ನೇ ತಂದೆವು.

ಜೋಡಿಸಿದವನು ನಾನೇ. ತಪ್ಪು ಮಾಡಿದವನೂ ನಾನೇ.

ಬಲಗಡೆಯ ಗ್ರಿಪ್ಪಿನ ಒಳಗೆ ಎಕ್ಸಿಲೇಟರಿನ ಕೊಳವೆ ಇರುತ್ತದೆ. ಅದು ಹ್ಯಾಂಡಲ್ಲಿನ ಮೇಲೆ ಸಲೀಸಾಗಿ ತಿರುಗಬೇಕು. ಗಾರ್ಡಿನ ತುದಿಯನ್ನು ಬಿಗಿಯುವಾಗ ನಾನು ಬಲ ಹಾಕಿ ಒತ್ತಿದ್ದರಿಂದ ಅದು ರಬ್ಬರಿಗೆ ತಾಗಿ ನಿಂತಿತ್ತು. ಅಂಗಳದಲ್ಲಿ ನೋಡಿದಾಗ ಎಲ್ಲ ಚೆನ್ನಾಗಿತ್ತು. ಅಣ್ಣ ಸಂಜೆ ಗದ್ದೆಯ ಏರಿಯ ಮೇಲೆ ಹೋಗಿ, ಸಂಕದ ಮುಂಚಿನ ತಿರುವಿನಲ್ಲಿ ಕೈ ಸಡಿಲಿಸಿದರೆ ಎಕ್ಸಿಲೇಟರ್ ಹಿಂದಕ್ಕೆ ಬರಲಿಲ್ಲ! ಇಂಜಿನ್ನು ಅರಚುತ್ತಲೇ ಇತ್ತು. ಕ್ಲಚ್ಚು ಹಿಡಿದು ಕೆಂಪು ಸ್ವಿಚ್ಚನ್ನು ಒತ್ತುವ ಬುದ್ಧಿ ಅವನಿಗಿತ್ತು. ಗಾಡಿ ಏರಿಯಿಂದಿಳಿದು ಕೆಸರುಗದ್ದೆಯಲ್ಲಿ ನಿಂತಿತು. ಸಂಕದ ಕೆಳಗೆ ಆಗ ಆಳೆತ್ತರದ ನೀರು. ನಾನು ಓಡಿಹೋದೆ. ಅಣ್ಣ ಬೈಯಲಿಲ್ಲ. "ಬೆರಳು ಉಳಿಸ್ತೀನಿ ಅಂತ ಹೊರಟವ ತಲೆನೇ ತೆಗೀತಿದ್ಯಲ್ಲೋ" ಎಂದು ನಕ್ಕ. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಆದ್ದರಿಂದ ಜೋಡಣೆಯ ಬಗೆಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಗ್ರಿಪ್ಪಿನ ತುದಿಯ ರಬ್ಬರನ್ನು ವೃತ್ತಾಕಾರವಾಗಿ ಕತ್ತರಿಸಿ, ಎಕ್ಸಿಲೇಟರಿನ ಕೊಳವೆಗೂ ಗಾರ್ಡಿಗೂ ನಡುವೆ ಒಂದೆರಡು ಮಿಲಿಮೀಟರ್ ಬಯಲು ಬಿಡಬೇಕು. ಪೂರ್ತಿ ತಿರುಗಿಸಿ ಕೈಬಿಟ್ಟರೆ ಅದು ಟಪ್ಪೆಂದು ಹಿಂದಕ್ಕೆ ಬಡಿಯಬೇಕು. ನಿಧಾನವಾಗಿ ತೆವಳಿದರೂ ಒಪ್ಪಬಾರದು. ಹ್ಯಾಂಡಲ್ಲನ್ನು ನೆಟ್ಟಗೆ, ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ಇಟ್ಟು ಮೂರು ಸಲ ಇದೇ ಪರೀಕ್ಷೆ ಮಾಡಬೇಕು. ಆಮೇಲೆ ಗಾಡಿಯನ್ನು ನ್ಯೂಟ್ರಲ್ಲಿನಲ್ಲಿ ಚಾಲೂ ಮಾಡಿ ಎರಡು ಕಡೆಗೂ ಕೊನೆಯವರೆಗೆ ತಿರುಗಿಸಬೇಕು. ತಿರುಗಿಸುವಾಗ ಇಂಜಿನ್ನಿನ ಸದ್ದು ತಾನಾಗಿ ಏರಿದರೆ ಕೇಬಲ್ಲು ಎಳೆಯುತ್ತಿದೆ ಎಂದರ್ಥ. ಬ್ರೇಕಿನ ಪೈಪು ಎಲ್ಲಿಯೂ ಬಿಗಿಯಬಾರದು. ಗಾರ್ಡಿನ ಒಳಕ್ಲ್ಯಾಂಪು ಅದನ್ನು ಒತ್ತಬಾರದು. ಹ್ಯಾಂಡಲ್ಲು ಟ್ಯಾಂಕಿಗೆ ತಾಗಬಾರದು.

ಸ್ವಿಚ್ಚಿನ ಪೆಟ್ಟಿಗೆಯೊಳಗೆ ಒಂದು ಪುಟ್ಟ ಮೊಳೆಯಂಥದು ಇರುತ್ತದೆ. ಅದು ಕೂರಲು ಹಳೆಯ ಹ್ಯಾಂಡಲ್ಲಿನಲ್ಲಿ ತೂತಿದೆ, ಹೊಸದರಲ್ಲಿ ಇರದು. ತೂತು ಕೊರೆಯುವವರಿದ್ದಾರೆ. ಕೊರೆಯುವುದಾದರೆ ಮೊದಲು ಲಿವರು, ಸ್ವಿಚ್ಚುಗಳ ಜಾಗ ಖಚಿತ ಮಾಡಿಕೊಂಡು, ಒಂದೇ ಒಂದು, ಸಣ್ಣದು. ಎರಡು ಮೂರು ಕಡೆ ಕೊರೆದರೆ ಹ್ಯಾಂಡಲ್ಲಿನ ಬಲ ಕುಂದುತ್ತದೆ. ಕ್ಲ್ಯಾಂಪಿನ ನಾಲ್ಕು ಬೋಲ್ಟುಗಳನ್ನು ಯಾವ ಕ್ರಮದಲ್ಲಿ, ಎಷ್ಟು ಬಿಗಿಯಬೇಕೆಂಬುದು ಗಾಡಿಯಿಂದ ಗಾಡಿಗೆ ಬೇರೆಯಾದ್ದರಿಂದ ಅದನ್ನು ಆಯಾ ಗಾಡಿಯ ಪುಸ್ತಕದಲ್ಲಿಯೇ ನೋಡತಕ್ಕದ್ದು.

ಊರಿನ ಮೆಕ್ಯಾನಿಕ್ಕರು ಹೇಳಿಕೊಟ್ಟ ಒಂದು ಉಪಾಯವನ್ನು ಬಿಟ್ಟರೆ ಅಪಚಾರವಾದೀತು. ಲಿವರಿನ ಕ್ಲ್ಯಾಂಪನ್ನು ಕಲ್ಲಿನಂತೆ ಬಿಗಿಯಬಾರದು. ಅದರ ಕೆಳಗೆ ಹ್ಯಾಂಡಲ್ಲಿಗೆ ನಲ್ಲಿ ಕೆಲಸದವರು ಬಳಸುವ ಬಿಳಿಯ ಟೆಫ್ಲಾನ್ ಟೇಪನ್ನು ಎರಡು ಸುತ್ತು ಸುತ್ತಿ, ದಿನದ ಬಳಕೆಯಲ್ಲಿ ಅಲುಗದಷ್ಟು, ಆದರೆ ಗಟ್ಟಿಯಾಗಿ ಗುದ್ದಿದರೆ ತಿರುಗುವಷ್ಟು ಬಿಗಿಯಬೇಕು. ಬಿದ್ದಾಗ ಲಿವರು ಮುರಿಯುವ ಬದಲು ಪಕ್ಕಕ್ಕೆ ಸರಿದು ನಿಲ್ಲುತ್ತದೆ. ಇದಕ್ಕೆ ತಗಲುವ ಖರ್ಚು ಒಂದು ದೋಸೆಯ ಬೆಲೆಗಿಂತ ಕಡಿಮೆ.

ಈ ಸಲದ ಕೊನೆಕೊಯ್ಲಿನಲ್ಲಿ ಅಣ್ಣ ಎರಡು ಸಲ ಬಿದ್ದ. ಎಡಗಡೆಯ ಗಾರ್ಡಿನ ಪ್ಲಾಸ್ಟಿಕ್ಕು ಒಡೆದಿದೆ, ಒಳಗಿನ ಪಟ್ಟಿಯ ಮೇಲೆ ಆಳವಾದ ಗೀರುಗಳಿವೆ. ಲಿವರು ಹಾಕಿದ್ದೇ ಇದೆ. ಜಜ್ಜಿದ ಬೆರಳುಗಳಲ್ಲಿ ಒಂದು ಇನ್ನೂ ಪೂರ್ತಿ ಮಡಚುವುದಿಲ್ಲ. ಆದರೆ ಕತ್ತಿ ಹಿಡಿಯಲು ಅಡ್ಡಿಯಿಲ್ಲ ಎನ್ನುತ್ತಾನೆ. ಪ್ರತಿದಿನ ಬೆಳಿಗ್ಗೆ ಹೊರಡುವ ಮುನ್ನ ಎಕ್ಸಿಲೇಟರನ್ನು ಒಮ್ಮೆ ತಿರುಗಿಸಿ ಬಿಡುತ್ತಾನೆ. ಟಪ್ಪೆಂಬ ಸದ್ದು ಒಳಮನೆಯಲ್ಲಿ ಓದುತ್ತ ಕುಳಿತ ನನಗೆ ಕೇಳಿಸುತ್ತದೆ.