ಮತದಾನದ ಪ್ರಮಾಣವೂ ಗುಳೆಯೂ: ಮಾನ್ವಿ–ದೇವದುರ್ಗ ಸೀಮೆಯನ್ನು ಕುರಿತು ಒಂದು ವಿಚಾರ

ಚುನಾವಣೆಯೊಂದು ಮುಗಿದೊಡನೆ ಮತದಾನದ ಶೇಕಡಾ ಪ್ರಮಾಣವು ಪ್ರಕಟವಾಗುತ್ತದೆ. ಅದು ಕಡಮೆಯಾಗಿರುವ ಕಡೆ ಜನರು ನಿರಾಸಕ್ತರು, ವಿದ್ಯಾಹೀನರು ಎಂಬ ತೀರ್ಮಾನವೂ ಅದರ ಬೆನ್ನಿಗೇ ಹೊರಡುತ್ತದೆ. ಈ ತೀರ್ಮಾನವು ಎಷ್ಟರಮಟ್ಟಿಗೆ ಯುಕ್ತವೆಂಬುದನ್ನು, ಮಾನ್ವಿ ತಾಲ್ಲೂಕಿನ ಕುರ್ಡಿಯಂತಹ ಗ್ರಾಮಗಳನ್ನೂ ನೆರೆಯ ದೇವದುರ್ಗ ಸೀಮೆಯನ್ನೂ ದೃಷ್ಟಿಯಲ್ಲಿಟ್ಟುಕೊಂಡು ಇಲ್ಲಿ ಪರಿಶೀಲಿಸುತ್ತೇವೆ.

ರಾಯಚೂರು ಜಿಲ್ಲೆಯು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯವನ್ನು ಸೇರಿತು. ಸ್ತ್ರೀಪುರುಷರೆಂಬ ಭೇದವಿಲ್ಲದೆ ವಯಸ್ಕರೆಲ್ಲರೂ ಮತ ನೀಡುವ ಪದ್ಧತಿ ಇಲ್ಲಿಗೆ ಬಂದುದು 1952ರ ಪ್ರಥಮ ಮಹಾಚುನಾವಣೆಯೊಡನೆ. 1989ರಲ್ಲಿ ಮತದಾರರ ಕನಿಷ್ಠ ವಯಸ್ಸು 21ರಿಂದ 18ಕ್ಕೆ ಇಳಿಯಿತು. 2008ರ ಕ್ಷೇತ್ರ ಪುನರ್ವಿಂಗಡಣೆಯಿಂದ ರಾಯಚೂರು ಲೋಕಸಭಾ ಕ್ಷೇತ್ರವೂ ಮಾನ್ವಿ, ದೇವದುರ್ಗ ವಿಧಾನಸಭಾ ಕ್ಷೇತ್ರಗಳೂ ಪರಿಶಿಷ್ಟ ಪಂಗಡಗಳಿಗೆ ಮೀಸಲಾದವು.

2014 ಮತ್ತು 2019ರ ಲೋಕಸಭಾ ಚುನಾವಣೆಗಳಲ್ಲಿ ರಾಯಚೂರು ಕ್ಷೇತ್ರದ ಮತದಾನವು ನೂರಕ್ಕೆ ಸುಮಾರು 58. ಆಗ ರಾಜ್ಯದ ಪ್ರಮಾಣವು ಕ್ರಮವಾಗಿ ಸುಮಾರು 67 ಮತ್ತು 69. 2024ರಲ್ಲಿ ಕ್ಷೇತ್ರದ ಪ್ರಮಾಣವು ಸುಮಾರು 65ಕ್ಕೆ ಏರಿತಾದರೂ ರಾಜ್ಯದ ಮಟ್ಟವನ್ನು ಮುಟ್ಟಲಿಲ್ಲ. ಈ ಅಂತರಕ್ಕೆ ಕಾರಣವೇನು?

ಮೊದಲು ಹೊಳೆಯುವ ಕಾರಣ ಅಕ್ಷರಜ್ಞಾನದ ಕೊರತೆ. 2011ರ ಜನಗಣತಿಯಂತೆ ಜಿಲ್ಲೆಯ ಅಕ್ಷರಸ್ಥರು ನೂರಕ್ಕೆ 59.56, ಸ್ತ್ರೀಯರಲ್ಲಿ 48.73 ಮಾತ್ರ. ಆದರೆ ವಿದ್ಯಾವಂತರು ತುಂಬಿರುವ ಬೆಂಗಳೂರು ದಕ್ಷಿಣ ಕ್ಷೇತ್ರದಲ್ಲಿ 2019ರಲ್ಲಿ ಮತದಾನವು ರಾಯಚೂರಿಗಿಂತಲೂ ಕಡಮೆಯಾಗಿದ್ದಿತು. ಅಷ್ಟೇ ವಿದ್ಯಾವಂತವಾದ ದಕ್ಷಿಣ ಕನ್ನಡದಲ್ಲಿಯಾದರೋ ಅದು ಬಹಳ ಹೆಚ್ಚು. ಆದುದರಿಂದ ಅಕ್ಷರಜ್ಞಾನವೊಂದರಿಂದಲೇ ಈ ವಿಷಯವನ್ನು ವಿವರಿಸಲಾಗದು. ಇದಲ್ಲದೆ, ಒಂದು ಪ್ರದೇಶದ ಸರಾಸರಿಯಿಂದ ಅಲ್ಲಿನ ಒಬ್ಬೊಬ್ಬ ವ್ಯಕ್ತಿಯ ನಡತೆಯನ್ನು ಊಹಿಸುವುದು ಶಾಸ್ತ್ರಸಮ್ಮತವಲ್ಲ. ಮತಗಟ್ಟೆಗೆ ಬಾರದವರು ನಿರಕ್ಷರರೇ ಎಂಬುದನ್ನು ಈ ಅಂಕಿಗಳು ಹೇಳುವುದಿಲ್ಲ.

ನಮ್ಮ ಅಭಿಪ್ರಾಯದಲ್ಲಿ ಪ್ರಶ್ನೆಯ ಮೂಲವಿರುವುದು ಭಾಗಿಸುವ ಸಂಖ್ಯೆಯಲ್ಲಿ. ಶೇಕಡಾ ಪ್ರಮಾಣವನ್ನು ಲೆಕ್ಕ ಹಾಕುವುದು ಪಟ್ಟಿಯಲ್ಲಿರುವ ಹೆಸರುಗಳ ಮೇಲೆ, ಊರಿನಲ್ಲಿರುವ ಜನರ ಮೇಲಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮಾನ್ವಿ ಸೀಮೆಯ ಕೆಲವು ಭಾಗಗಳಿಗೆ ದೊರೆತರೂ ಕಾಲುವೆಯ ಕೊನೆಯ ಹೊಲಗಳಿಗೆ ಅದು ನೆಚ್ಚಿಕೆಯದಲ್ಲ; ದೇವದುರ್ಗದ ಒಣಭೂಮಿಯ ಹಳ್ಳಿಗಳಲ್ಲಿ ಜೋಳ, ಹತ್ತಿಗಳ ಸುಗ್ಗಿ ಮುಗಿದ ಮೇಲೆ ಕೂಲಿ ಸಿಕ್ಕುವುದು ಕಷ್ಟ. ಆಗ ಸಂಸಾರಗಳು ಮನೆಗೆ ಬೀಗ ಹಾಕಿ, ಮುದುಕರನ್ನು ಊರಿನಲ್ಲಿ ಬಿಟ್ಟು, ಬೆಂಗಳೂರು, ಪುಣೆ, ಮುಂಬಯಿ, ಹೈದರಾಬಾದುಗಳಿಗೆ ಗುಳೆ ಹೋಗುತ್ತವೆ. ತಾತ್ಕಾಲಿಕವಾಗಿ ಊರು ಬಿಟ್ಟ ಮಾತ್ರಕ್ಕೆ ಯಾರೂ ಅಲ್ಲಿನ ವಾಸಿಯೆಂಬ ಹಕ್ಕನ್ನು ಕಳೆದುಕೊಳ್ಳರೆಂದು 1950ರ ಪ್ರಜಾಪ್ರಾತಿನಿಧ್ಯ ಕಾಯಿದೆಯು ಹೇಳುತ್ತದೆ. ಹೀಗೆ ಹೆಸರು ಊರಿನಲ್ಲಿ, ಮನುಷ್ಯನು ದೂರದ ಕಟ್ಟಡದ ಕೆಲಸದಲ್ಲಿ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರೂ ಎಷ್ಟೋ ವೇಳೆ ತವರಿನ ಪಟ್ಟಿಯಲ್ಲಿಯೇ ಉಳಿದುಬಿಡುತ್ತದೆ.

ಒಂದು ಕಲ್ಪಿತ ಉದಾಹರಣೆಯಿಂದ ಇದು ಸ್ಪಷ್ಟವಾದೀತು. ಪಟ್ಟಿಯಲ್ಲಿ 1000 ಹೆಸರುಗಳಿವೆ. ಮತ ನೀಡಿದವರು 580. ಪ್ರಮಾಣ ನೂರಕ್ಕೆ 58. ಆದರೆ 200 ಮಂದಿ ಗುಳೆ ಹೋಗಿದ್ದು, ಇನ್ನೂ 50 ಹೆಸರುಗಳು ಮೃತರವು ಅಥವಾ ಬೇರೆ ಊರು ಸೇರಿದವರವು ಎಂದಿಟ್ಟುಕೊಳ್ಳೋಣ. ಊರಿನಲ್ಲಿದ್ದವರು 750. ಅವರಲ್ಲಿ 580 ಜನರು ಮತ ನೀಡಿದರೆಂದರೆ ಪ್ರಮಾಣವು 77 ಆಗುತ್ತದೆ. ನಿರಾಸಕ್ತಿಯೆಂದು ಕಂಡುದು ಗೈರುಹಾಜರಿಯಷ್ಟೆ.

ಚುನಾವಣೆಯ ಕಾಲವೂ ಇಲ್ಲಿ ಗಮನಾರ್ಹ. ಲೋಕಸಭೆಗೆ ಮತದಾನವು ಇತ್ತೀಚೆಗೆ ಏಪ್ರಿಲ್–ಮೇ ತಿಂಗಳುಗಳಲ್ಲಿ, ಅಂದರೆ ಗುಳೆಯ ಕಾಲದಲ್ಲಿಯೇ ನಡೆದಿದೆ. 2020ರ ಡಿಸೆಂಬರಿನಲ್ಲಿ ನಡೆದ ಗ್ರಾಮ ಪಂಚಾಯಿತಿ ಚುನಾವಣೆಗಳಲ್ಲಿ ರಾಜ್ಯದ ಮತದಾನವು ನೂರಕ್ಕೆ 80ನ್ನು ಮೀರಿತು. ಇದನ್ನು ತಿಂಗಳಿನ ಮಹಿಮೆಯೆಂದಷ್ಟೇ ಹೇಳಲಾಗದು. ಪಂಚಾಯಿತಿಯಲ್ಲಿ ಅಭ್ಯರ್ಥಿಯು ನೆರೆಮನೆಯವನು. ನಾಲ್ಕು ಮತಗಳಿಂದ ಗೆಲವು ತಿರುಗಬಹುದು. ದೂರದಲ್ಲಿದ್ದವರಿಗೂ ಕರೆ ಹೋಗುತ್ತದೆ. ಕಾಲ, ಸಾಮೀಪ್ಯ ಎರಡೂ ಕೂಡಿಯೇ ಕೆಲಸ ಮಾಡುತ್ತವೆ.

ಇದು ಬರಿಯ ಗಣಿತದ ಮಾತಲ್ಲ. 2014ರಲ್ಲಿ ರಾಯಚೂರು ಲೋಕಸಭಾ ಕ್ಷೇತ್ರದ ಫಲಿತಾಂಶವು 1,499 ಮತಗಳ ಅಂತರದಿಂದ ನಿರ್ಣಯವಾಯಿತು. ಮತ ನೀಡದೆ ಉಳಿದವರೋ ಆರು ಲಕ್ಷಕ್ಕೂ ಮಿಕ್ಕಿದ್ದರು. ಮತದಾನದ ದಿನ ಸಂಬಳಸಹಿತ ರಜೆಯನ್ನು ಕೊಡಬೇಕೆಂದು ಕಾಯಿದೆಯಿದೆ. ಪುಣೆಯಿಂದ ಬಂದುಹೋಗಲು ಒಂದು ದಿನ ಸಾಲದು. 2024ರಲ್ಲಿ 85 ವರ್ಷ ಮೀರಿದವರಿಗೆ ಮನೆಯಿಂದಲೇ ಮತ ನೀಡುವ ಸೌಕರ್ಯ ದೊರೆಯಿತು. ವಲಸೆಗಾರರು ಇದ್ದಲ್ಲಿಂದಲೇ ಮತ ನೀಡಲು ಅನುಕೂಲವಾಗುವ ಯಂತ್ರವೊಂದನ್ನು ಚುನಾವಣಾ ಆಯೋಗವು 2022ರ ಕೊನೆಯಲ್ಲಿ ಸೂಚಿಸಿತಾದರೂ, ಆ ಮೇಲಿನ ಲೋಕಸಭಾ ಚುನಾವಣೆಯಲ್ಲಿ ಅದು ಬಳಕೆಗೆ ಬರಲಿಲ್ಲ.

ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಇಲ್ಲಿ ಉಪಯುಕ್ತವಾದ ಕಾರ್ಯವನ್ನು ಮಾಡಬಹುದು. ಮತಗಟ್ಟೆವಾರು ಫಲಿತಾಂಶಗಳೂ ಮತದಾರರ ಪಟ್ಟಿಗಳೂ ಸಾರ್ವಜನಿಕವಾಗಿ ದೊರೆಯುತ್ತವೆ. ಒಂದು ಗ್ರಾಮದ ಒಂದು ಮತಗಟ್ಟೆಯ ಪಟ್ಟಿಯನ್ನು ಹಿಡಿದು, ಮನೆಮನೆಗೆ ಹೋಗಿ, ಊರಿನಲ್ಲಿರುವವರು, ಗುಳೆ ಹೋದವರು, ಮದುವೆಯಾಗಿ ಹೋದವರು, ಮೃತರು ಎಂದು ಹೆಸರುಗಳನ್ನು ವಿಂಗಡಿಸಿದರೆ ಸಾಕು. ಯಾರಿಗೆ ಮತ ಕೊಟ್ಟಿರೆಂದು ಕೇಳುವ ಅಗತ್ಯವೇ ಇಲ್ಲ. ಅಂತಹ ಲೆಕ್ಕವು ಕೈಗೆ ಬರುವವರೆಗೆ, ಊರು ಬಿಟ್ಟು ದುಡಿಯುವ ಜನರನ್ನು ಪ್ರಜಾಪ್ರಭುತ್ವದಲ್ಲಿ ಶ್ರದ್ಧೆಯಿಲ್ಲದವರೆಂದು ಕರೆಯುವ ಅಧಿಕಾರ ನಮಗಿಲ್ಲ.