ರಾತ್ರಿಗೆ ಏನು ಮಾಡಲಿ?

ಅಸರ್ ಕಳೆದು ಹೊತ್ತು ಇಳಿಯುತ್ತಿದ್ದಂತೆ ನಮ್ಮ ಅಡುಗೆಮನೆಗಳಿಂದ ಒಂದು ಪ್ರಶ್ನೆ ಕೇಳಿಬರುತ್ತದೆ: "ರಾತ್ರಿಗೆ ಏನು ಮಾಡಲಿ?" ಮನೆಯವರ ಉತ್ತರ ಯಾವಾಗಲೂ ಒಂದೇ: "ಏನಾದರೂ ಮಾಡು." ಆ 'ಏನಾದರೂ' ತಯಾರಾಗಿ ದಸ್ತರಖಾನ್ ಹಾಸಿದ ಮೇಲೆ ಎಲ್ಲರಿಗೂ ಬಾಯಿ ಬರುತ್ತದೆ. ಅನ್ನ ತಿಂದರೆ ಸಕ್ಕರೆ ಏರುತ್ತದೆ ಎಂದು ಮಗ. ಅನ್ನ ಇಲ್ಲದ್ದು ಊಟವೇ ಅಲ್ಲ ಎಂದು ದಾದಿ. ಮೊಟ್ಟೆಯ ಹಳದಿ ಬೇಡ ಎಂದು ಮಗಳು. ತುಪ್ಪ ನಿಲ್ಲಿಸಿದ ದಿನದಿಂದಲೇ ಮೊಣಕಾಲು ನೋವು ಶುರುವಾಯಿತು ಎಂದು ಅಬ್ಬಾ. ಬಡಿಸುವವಳು ಸುಮ್ಮನೆ ನಗುತ್ತಾಳೆ, ಇಲ್ಲವೇ ಸೌಟನ್ನು ಸ್ವಲ್ಪ ಜೋರಾಗಿ ಪಾತ್ರೆಗೆ ಕುಟ್ಟುತ್ತಾಳೆ.

ಈ ಜಗಳಗಳೆಲ್ಲ ಕೊನೆಗೆ ನನ್ನ ದವಾಖಾನೆಗೆ ಬರುತ್ತವೆ. "ಡಾಕ್ಟರ್ ಆಪಾ, ನೀವೇ ಹೇಳಿ, ಯಾರದ್ದು ಸರಿ?" ಎನ್ನುತ್ತಾರೆ. ನಾನು ತೀರ್ಪು ಕೊಡುವ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ನಿನ್ನೆ ರಾತ್ರಿ ಏನು ಉಂಡಿರಿ, ಎಷ್ಟು ಗಂಟೆಗೆ ಉಂಡಿರಿ, ಎಷ್ಟು ಗಂಟೆಗೆ ಮಲಗಿದಿರಿ? ಇದು ಬರೀ ಮಾತಿಗೆ ಕೇಳುವುದಲ್ಲ. ಯುನಾನಿ ವೈದ್ಯದಲ್ಲಿ ಬದುಕಿಗೆ ಅಗತ್ಯವಾದ ಆರು ಸಂಗತಿಗಳನ್ನು 'ಅಸ್ಬಾಬೆ ಸಿತ್ತಾ ಜರೂರಿಯಾ' ಎನ್ನುತ್ತಾರೆ. ಗಾಳಿ, ಅನ್ನಪಾನ, ದೇಹದ ದುಡಿಮೆ ಮತ್ತು ವಿಶ್ರಾಂತಿ, ಮನಸ್ಸಿನ ದುಡಿಮೆ ಮತ್ತು ವಿಶ್ರಾಂತಿ, ನಿದ್ರೆ ಮತ್ತು ಎಚ್ಚರ, ದೇಹದಲ್ಲಿ ಉಳಿಯಬೇಕಾದುದು ಉಳಿದು ಹೋಗಬೇಕಾದುದು ಹೋಗುವುದು. ರಾತ್ರಿಯ ಊಟ ಈ ಆರರಲ್ಲಿ ಒಂದಕ್ಕೆ ಮಾತ್ರ ಸೇರಿದ್ದಲ್ಲ. ಅದು ಕೆಟ್ಟರೆ ನಿದ್ರೆ ಕೆಡುತ್ತದೆ, ಬೆಳಿಗ್ಗೆ ಹೊಟ್ಟೆ ಸಾಫ್ ಆಗುವುದಿಲ್ಲ, ಮರುದಿನ ಅಂಗಡಿಯಲ್ಲಿ ಗಿರಾಕಿಯ ಮೇಲೆ ಸಿಟ್ಟು ಬರುತ್ತದೆ. ಆಹಾರದಿಂದಲೇ ಮಾಡುವ ಚಿಕಿತ್ಸೆಗೆ ನಮ್ಮಲ್ಲಿ 'ಇಲಾಜ್ ಬಿಲ್ ಗಿಜಾ' ಎಂಬ ಹೆಸರೇ ಇದೆ.

ಮೊದಲು ಅನ್ನ ಮತ್ತು ರೊಟ್ಟಿಯ ಜಗಳ. ಅಕ್ಕಿ, ಗೋಧಿ, ಜೋಳ, ರಾಗಿ ಇವುಗಳಲ್ಲಿ ಯಾವುದನ್ನೇ 100 ಗ್ರಾಂ ತೆಗೆದುಕೊಂಡರೂ ಸಿಗುವ ಶಕ್ತಿ ಹೆಚ್ಚುಕಡಿಮೆ 320ರಿಂದ 360 ಕ್ಯಾಲೊರಿ. ವ್ಯತ್ಯಾಸ ಇರುವುದು ನಾರಿನಲ್ಲಿ. ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ 3 ಗ್ರಾಂನಷ್ಟೂ ನಾರಿಲ್ಲ. ಜೋಳ, ರಾಗಿ, ಜರಡಿ ಹಿಡಿಯದ ಗೋಧಿ ಹಿಟ್ಟಿನಲ್ಲಿ 10 ಗ್ರಾಂ ಆಸುಪಾಸು. ನಾರು ಇದ್ದರೆ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ, ಹೊಟ್ಟೆ ಬೇಗ ತುಂಬಿದಂತಾಗುತ್ತದೆ. ಹಾಗಾಗಿ ಮಗ ಹೇಳುವುದರಲ್ಲಿ ಸತ್ಯವಿದೆ. ಆದರೆ ಪೂರ್ತಿ ಸತ್ಯವಲ್ಲ. "ನಾನು ಅನ್ನ ಬಿಟ್ಟು ಆರು ತಿಂಗಳಾಯಿತು, ಆದರೂ ಸಕ್ಕರೆ ಇಳಿಯುತ್ತಿಲ್ಲ" ಎಂದು ಒಬ್ಬರು ಬಂದಿದ್ದರು. ಚಪಾತಿ ಎಷ್ಟು ಎಂದು ಕೇಳಿದೆ. ಆರು, ಎಲ್ಲಕ್ಕೂ ಎಣ್ಣೆ ಸವರಿ. ಅವರ ಪತ್ನಿ ಪಕ್ಕದಲ್ಲೇ ಇದ್ದರು. ಬೆರಳೆಣಿಸಿ ಏಳು ಎಂದರು. ದಾದಿಯ ಒಂದು ಬಟ್ಟಲು ಅನ್ನ, ಅದರ ಜೊತೆ ಸೊಪ್ಪು, ಬೇಳೆ ಇದ್ದರೆ, ಈ ಏಳು ಚಪಾತಿಗಿಂತ ಸಾವಿರ ಪಾಲು ಮೇಲು. ತೀರ್ಪು ಕೇಳುವುದಾದರೆ ನನ್ನ ತೀರ್ಪು ಇದೇ: ಬಟ್ಟಲಿನಲ್ಲಿ ಇರುವುದು ಏನು ಎಂಬುದಕ್ಕಿಂತ ಎಷ್ಟು ಎಂಬುದನ್ನು ಮೊದಲು ನೋಡಿ, ಆಮೇಲೆ ಅದರ ಪಕ್ಕದಲ್ಲಿ ಏನಿದೆ ಎಂದು ನೋಡಿ.

ಪಕ್ಕದಲ್ಲಿ ಇರಬೇಕಾದ್ದು ಈಗ ಇಲ್ಲವಾಗುತ್ತಿದೆ ಎಂಬುದೇ ನನ್ನ ಚಿಂತೆ. ನಮ್ಮ ನಾನಿ, ದಾದಿಯಂದಿರ ಅಡುಗೆಯನ್ನು ನೆನಪಿಸಿಕೊಳ್ಳಿ. ಮಾಂಸ ಒಂಟಿಯಾಗಿ ಬರುತ್ತಲೇ ಇರಲಿಲ್ಲ. ಪಾಲಕ್ ಗೋಷ್ತ್, ಮೇಥಿ ಖೀಮಾ, ಶಲ್ಜಮ್ ಸಾಲನ್, ಸೋರೆಕಾಯಿ ಹಾಕಿದ ದಾಲ್ಚಾ, ಪುಂಡಿ ಸೊಪ್ಪಿನ ಜೊತೆ ಬೇಯಿಸಿದ ಮಾಂಸ. ಅರ್ಧ ಕಿಲೋ ಮಾಂಸದಲ್ಲಿ ಏಳೆಂಟು ಜನ ಉಣ್ಣುತ್ತಿದ್ದರು. ಅದು ಬಡತನದ ಲೆಕ್ಕ ಮಾತ್ರವಲ್ಲ. ಯುನಾನಿಯಲ್ಲಿ 'ಮುಸ್ಲಿಹ್' ಎಂಬ ವಿಚಾರವಿದೆ. ಒಂದು ಪದಾರ್ಥದ ದೋಷವನ್ನು ತಿದ್ದುವ ಇನ್ನೊಂದು ಪದಾರ್ಥವನ್ನು ಅದರ ಜೊತೆಗೇ ಸೇರಿಸುವುದು. ಮಾಂಸ ಉಷ್ಣ, ಭಾರ. ಅದಕ್ಕೆ ಸೋರೆಕಾಯಿ ತಂಪು, ಹಗುರ. ಉದ್ದಿಗೆ ಶುಂಠಿ, ಹುರುಳಿಯ ಖಟ್ಟಾಕ್ಕೆ ಜೀರಿಗೆಯ ಒಗ್ಗರಣೆ. ಇದನ್ನು ಯಾವ ತಬೀಬರೂ ಮನೆಮನೆಗೆ ಹೋಗಿ ಕಲಿಸಲಿಲ್ಲ, ಅಡುಗೆಯೇ ಕಲಿತುಕೊಂಡಿತ್ತು. ಈಗ ರಾತ್ರಿ ಹತ್ತಕ್ಕೆ ಪಾರ್ಸೆಲ್ ಬರುವ ಕಬಾಬ್‌ನ ಜೊತೆ ಇರುವುದು ನಾಲ್ಕು ಈರುಳ್ಳಿ ಬಿಲ್ಲೆ, ಒಂದು ನಿಂಬೆ ಹೋಳು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಸೂಚಿಯಲ್ಲಿ ದಿನಕ್ಕೆ 2000 ಕ್ಯಾಲೊರಿ ಬೇಕಾದ ಒಬ್ಬರಿಗೆ ತರಕಾರಿ 400 ಗ್ರಾಂ ಎಂದು ಹೇಳಿದೆ. ಬೇಳೆಕಾಳು, ಮೊಟ್ಟೆ, ಮಾಂಸ ಎಲ್ಲ ಸೇರಿ 85 ಗ್ರಾಂ. ಎಣ್ಣೆ 27 ಗ್ರಾಂ. ನಮ್ಮ ಮನೆಗಳಲ್ಲಿ ಮೊದಲ ಎರಡು ಅಂಕಿಗಳನ್ನು ಅದಲು ಬದಲು ಮಾಡಿಕೊಂಡಂತೆ ಕಾಣುತ್ತದೆ. ಎಣ್ಣೆಯ ಲೆಕ್ಕವನ್ನು ತಿಂಗಳಿಗೆ ಮಾಡಿ ನೋಡುವುದು ಸುಲಭ. ಐದು ಜನರ ಮನೆಗೆ ತುಪ್ಪ, ಡಾಲ್ಡಾ ಎಲ್ಲ ಸೇರಿ ತಿಂಗಳಿಗೆ ನಾಲ್ಕೂವರೆ ಲೀಟರ್ ಒಳಗೆ ಇರಬೇಕು. ನಿಮ್ಮ ಕಿರಾಣಿ ಚೀಟಿ ತೆಗೆದು ನೋಡಿ. ತುಪ್ಪದ ಬಗ್ಗೆ ಅಬ್ಬಾ ಮಾಡುವ ವಾದಕ್ಕೂ ಉತ್ತರ ಇಲ್ಲೇ ಸಿಗುತ್ತದೆ: ಖಿಚಡಿಯ ಮೇಲೆ ಒಂದು ಚಮಚ ತುಪ್ಪ ಹಾಕಿಕೊಳ್ಳಲಿ, ಅಷ್ಟು ಎಣ್ಣೆಯನ್ನು ಒಗ್ಗರಣೆಯಲ್ಲಿ ಕಡಿಮೆ ಮಾಡಿ. ಮೊಣಕಾಲಿಗೂ ತುಪ್ಪಕ್ಕೂ ಸಂಬಂಧವಿಲ್ಲ, ಹೊಟ್ಟೆಯ ಸುತ್ತಳತೆಗೂ ಮೊಣಕಾಲಿಗೂ ಇದೆ.

ಸೋರೆಕಾಯಿಯ ಬಗ್ಗೆ ಒಂದು ಎಚ್ಚರಿಕೆ. ಕತ್ತರಿಸಿದ ತಕ್ಷಣ ಒಂದು ಚೂರನ್ನು ನಾಲಿಗೆಗೆ ಮುಟ್ಟಿಸಿ ನೋಡಿ. ಕಹಿ ಇದ್ದರೆ ಪೂರ್ತಿ ಕಾಯನ್ನು ಎಸೆಯಿರಿ. ಕಹಿ ಸೋರೆಕಾಯಿಯಲ್ಲಿರುವ ವಿಷ ಬೇಯಿಸಿದರೂ ಹೋಗುವುದಿಲ್ಲ; ಅದರ ರಸ ಕುಡಿದು ರಕ್ತವಾಂತಿ ಮಾಡಿಕೊಂಡವರು, ಜೀವ ಕಳೆದುಕೊಂಡವರೂ ಇದ್ದಾರೆ.

ಅಬ್ಬಾರ ಡಬ್ಬಿ

ನಗುವ ಜಗಳಗಳ ನಡುವೆ ನಗಲಾಗದ ಒಂದು ಸಂಗತಿ ಇದೆ. ಅನೇಕ ಮನೆಗಳಲ್ಲಿ ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆ ಪ್ರತ್ಯೇಕ ಊಟ. ಉಪ್ಪು, ಖಾರ ಇಲ್ಲದ ಬೇಯಿಸಿದ ಬೀನ್ಸ್, ಒಣ ರೊಟ್ಟಿ, ಒಂದು ಸ್ಟೀಲ್ ಡಬ್ಬಿ. ಮಿಕ್ಕವರೆಲ್ಲ ದಸ್ತರಖಾನ್ ಸುತ್ತ ಕುಳಿತು ಸಾಲನ್ ಉಣ್ಣುವಾಗ ಅವರು ಮೂಲೆಯ ಕುರ್ಚಿಯಲ್ಲಿ. ಪ್ರೀತಿಯಿಂದಲೇ ಮಾಡುತ್ತಾರೆ, ಅನುಮಾನವಿಲ್ಲ. ಅರವತ್ತು ದಾಟಿದ ಒಬ್ಬರ ವಿಷಯ ಹೇಳುತ್ತೇನೆ. ಡಬ್ಬಿ ಕಂಡರೆ ಅವರಿಗೆ ಅನ್ನವೇ ಇಳಿಯುತ್ತಿರಲಿಲ್ಲ. ಎರಡು ತುತ್ತು ತಿಂದು "ಹೊಟ್ಟೆ ತುಂಬಿತು ಬೇಟಿ" ಎಂದು ಮುಚ್ಚಿಡುತ್ತಿದ್ದರು, ಮಾತ್ರೆ ಮಾತ್ರ ತಪ್ಪದೆ ನುಂಗುತ್ತಿದ್ದರು. ಒಂದು ರಾತ್ರಿ ಮೂರರ ಸುಮಾರಿಗೆ ಮೈಯೆಲ್ಲ ಬೆವರು, ಕೈ ನಡುಕ, ಸಂಬಂಧವಿಲ್ಲದ ಮಾತು. ಮನೆಯವರು ಹೆದರಿದ್ದಾರೆ, ಏನೋ ಗಾಳಿ ಸೋಕಿದೆ ಎಂದುಕೊಂಡಿದ್ದಾರೆ. ಪಕ್ಕದ ಮನೆಯ ಹುಡುಗಿ ನರ್ಸಿಂಗ್ ಓದುತ್ತಿದ್ದಳು. ಅವಳು ಓಡಿ ಬಂದು ಸಕ್ಕರೆ ನೀರು ಕುಡಿಸಿದ್ದರಿಂದ ಅವರು ಉಳಿದರು.

ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಇನ್ಸುಲಿನ್ ತೆಗೆದುಕೊಳ್ಳುವವರು, ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆ ನುಂಗುವವರು ರಾತ್ರಿ ಊಟ ಬಿಟ್ಟರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಬೆವರು, ನಡುಕ, ಎದೆ ಬಡಿತ, ತಲೆ ಸುತ್ತು, ತಡವರಿಸುವ ಮಾತು ಇವು ಲಕ್ಷಣ. ಎಚ್ಚರ ಇದ್ದರೆ ಮೂರು ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಿಗೆ ಕಲಸಿ ಕೂಡಲೇ ಕುಡಿಸಿ. ಹದಿನೈದು ನಿಮಿಷದಲ್ಲಿ ಸುಧಾರಿಸದಿದ್ದರೆ ಇನ್ನೊಮ್ಮೆ ಕೊಡಿ. ಸುಧಾರಿಸಿದ ಮೇಲೆ ರೊಟ್ಟಿಯೋ ಅನ್ನವೋ ಏನಾದರೂ ಗಟ್ಟಿ ಆಹಾರ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ಆಸ್ಪತ್ರೆಗೆ ಒಯ್ಯಿರಿ. ಯುನಾನಿ ಔಷಧ ಶುರು ಮಾಡಿದೆವೆಂದು ಆ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳುತ್ತಿದ್ದರೆ ಇಬ್ಬರು ವೈದ್ಯರಿಗೂ ತಿಳಿಸಿ. ಹಾಗಲಕಾಯಿ, ಮೆಂತೆ ಕೂಡ ಸಕ್ಕರೆ ಇಳಿಸುವ ವಸ್ತುಗಳೇ.

ಆ ಮನೆಯ ಸೊಸೆಗೆ ನಾನು ಹೇಳಿದ್ದು, ನಾಳೆಯಿಂದ ಡಬ್ಬಿ ಬೇಡ. ಎಲ್ಲರಿಗೂ ಒಂದೇ ಅಡುಗೆ ಮಾಡಿ, ತಟ್ಟೆ ಮಾತ್ರ ಬೇರೆ ಬೇರೆ ರೀತಿ ತುಂಬಿಸಿ. ಅಂದಿನ ಅಡುಗೆ ಸೋರೆಕಾಯಿ ದಾಲ್ಚಾ, ಜೋಳದ ರೊಟ್ಟಿ, ಅನ್ನ, ಸೌತೆಕಾಯಿ ಎಂದಿಟ್ಟುಕೊಳ್ಳಿ. ಅಬ್ಬಾರ ಅರ್ಧ ತಟ್ಟೆ ಸೌತೆ ಮತ್ತು ದಾಲ್ಚಾದ ಸೋರೆಕಾಯಿ ಹೋಳುಗಳು, ಒಂದೂವರೆ ರೊಟ್ಟಿ, ಎರಡು ತುಂಡು ಮಾಂಸ. ಕಾಲೇಜಿಗೆ ಹೋಗುವ ಮಗನಿಗೆ ಮೂರು ರೊಟ್ಟಿ, ಅನ್ನ. ದಾದಿಗೆ ಹಲ್ಲಿಲ್ಲ, ಮೆತ್ತಗೆ ಕಲಸಿದ ಅನ್ನ, ಬೇಳೆ. ಅಡುಗೆ ಮಾಡುವವಳಿಗೆ ಒಲೆ ಮುಂದೆ ಒಂದು ಗಂಟೆ ಉಳಿಯಿತು. ಉಪ್ಪು ಎಲ್ಲರಿಗೂ ಕಡಿಮೆ ಮಾಡಿದರೆ ಎಲ್ಲರಿಗೂ ಒಳ್ಳೆಯದು. ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಹಾ ಚಮಚ ಸಾಕು. ಹಪ್ಪಳ, ಉಪ್ಪಿನಕಾಯಿಯ ಉಪ್ಪೂ ಆ ಲೆಕ್ಕಕ್ಕೇ ಸೇರುತ್ತದೆ. ಕಿಡ್ನಿ ತೊಂದರೆ ಇರುವವರ ಮಾತು ಬೇರೆ, ಅವರಿಗೆ ಬೇಳೆ, ಮಾಂಸದ ಅಳತೆಯನ್ನು ಅವರ ವೈದ್ಯರೇ ಹೇಳಬೇಕು.

ನನ್ನ ಬಳಿ ಬರುವ ಸಹೋದರಿಯರು ತಮ್ಮ ತಮ್ಮ ರಾತ್ರಿಯಡುಗೆಯ ಲೆಕ್ಕಾಚಾರವನ್ನು ಹಂಚಿಕೊಳ್ಳುತ್ತಾರೆ. ಕೆಲವು ನನಗೇ ಉಪಯೋಗಕ್ಕೆ ಬಂದಿವೆ. ಒಬ್ಬರು ವಾರಕ್ಕೆ ಎರಡು ರಾತ್ರಿ ಹೆಸರುಬೇಳೆ ಖಿಚಡಿ ಎಂದು ಖಾಯಂ ಮಾಡಿದ್ದಾರೆ, ಜೊತೆಗೆ ಹುಣಸೆಯ ಖಟ್ಟಾ. ಆ ಎರಡು ದಿನ ಯಾರೂ ತಕರಾರು ಎತ್ತುವಂತಿಲ್ಲ. ಇನ್ನೊಬ್ಬರು ಭಾನುವಾರವೇ ಮೂರು ಬಗೆಯ ಸೊಪ್ಪು ಸೋಸಿ, ಬಟ್ಟೆಯಲ್ಲಿ ಸುತ್ತಿ ಫ್ರಿಜ್‌ನಲ್ಲಿ ಇಡುತ್ತಾರೆ, ಏಕೆಂದರೆ ಸಂಜೆ ಸೊಪ್ಪು ಸೋಸುವ ಬೇಸರಕ್ಕೇ ಆಲೂಗಡ್ಡೆ ಒಲೆ ಏರುತ್ತದೆ. ಮಗಳಿಗೆ ರಕ್ತ ಕಡಿಮೆ ಎಂದು ಬಂದ ಒಬ್ಬ ತಾಯಿ ಬಹಳ ಸೊಪ್ಪು ಮಾಡುತ್ತಿದ್ದರು, ಖರ್ಜೂರ ತಿನ್ನಿಸುತ್ತಿದ್ದರು. ಆದರೆ ಆ ಹುಡುಗಿಗೆ ಊಟವಾದ ಕೂಡಲೇ ಚಹಾ ಬೇಕು. ಚಹಾದ ಒಗರು ಸೊಪ್ಪಿನ ಕಬ್ಬಿಣಾಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೈಗೆ ಸೇರಲು ಬಿಡುವುದಿಲ್ಲ. ನಿಂಬೆರಸ ಸೇರಲು ನೆರವಾಗುತ್ತದೆ. ಚಹಾವನ್ನು ಊಟದಿಂದ ಒಂದು ಗಂಟೆ ದೂರ ಸರಿಸಿ, ಸೊಪ್ಪಿನ ಮೇಲೆ ನಿಂಬೆ ಹಿಂಡಿ. ನಮ್ಮ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಹೆಚ್ಚು ರಕ್ತಹೀನತೆ ಇದ್ದರೆ ನಿಂಬೆ, ಸೊಪ್ಪು ಸಾಲದು, ಕಬ್ಬಿಣದ ಮಾತ್ರೆಯೂ ಬೇಕು. ಮನೆಯ ಎಲ್ಲರಿಗೂ ಬಡಿಸಿ ಕೊನೆಗೆ ತಳದಲ್ಲಿ ಉಳಿದ ರಸಕ್ಕೆ ಅನ್ನ ಕಲಸಿಕೊಳ್ಳುವವರು ಯಾರು ಎಂದೂ ಸ್ವಲ್ಪ ನೋಡಿ.

ಹೊತ್ತಿನ ಬಗ್ಗೆ ಒಂದೆರಡು ಮಾತು. ಅಂಗಡಿ ಮುಚ್ಚಿ ಹತ್ತೂವರೆಗೆ ಬಂದು, ಹೊಟ್ಟೆ ಬಿರಿಯೆ ಉಂಡು, ಹನ್ನೊಂದಕ್ಕೆ ಮಲಗುವವರ ಎದೆಯುರಿಗೆ ನನ್ನ ಬಳಿ ಚೂರ್ಣ ಇದೆ. ಆದರೆ ಚೂರ್ಣ ಮುಗಿದ ಮರುದಿನ ಉರಿ ವಾಪಸ್ ಬರುತ್ತದೆ. ಊಟಕ್ಕೂ ಹಾಸಿಗೆಗೂ ಎರಡು ಮೂರು ಗಂಟೆ ಅಂತರ ಬೇಕು. ಆಗುವುದಿಲ್ಲವಾದರೆ ಮಗ್ರಿಬ್ ಆದ ಮೇಲೆ ಅಂಗಡಿಗೇ ರೊಟ್ಟಿ, ಪಲ್ಯ ಕಳಿಸಿ. ಮನೆಗೆ ಬಂದ ಮೇಲೆ ಒಂದು ಬಟ್ಟಲು ಗಂಜಿಯೋ ಮಜ್ಜಿಗೆ ಅನ್ನವೋ ಸಾಕು.

ಮೀನು, ಹಾಲಿನ ಜಗಳ

ಇದು ಎಂದೂ ಮುಗಿಯದ ಜಗಳ. ಮೀನು ಉಂಡು ಹಾಲು ಕುಡಿದರೆ ಮೈಮೇಲೆ ಬಿಳಿ ಮಚ್ಚೆ ಬರುತ್ತದೆ ಎನ್ನುತ್ತಾರೆ. ಯುನಾನಿಯ ಹಳೆಯ ಗ್ರಂಥಗಳು ಇವೆರಡನ್ನೂ ಒಟ್ಟಿಗೆ ಬೇಡ ಎಂದಿರುವುದು ನಿಜ. ಕೆಲವರಿಗೆ ಹೊಟ್ಟೆ ಭಾರವಾಗುವುದೂ ನಿಜ, ಅಂಥವರು ಬಿಡಲಿ. ಆದರೆ ತೊನ್ನು ಬರುವುದು ದೇಹದ ರಕ್ಷಣಾ ವ್ಯವಸ್ಥೆಯೇ ಚರ್ಮದ ಬಣ್ಣದ ಕಣಗಳ ಮೇಲೆ ತಿರುಗಿ ಬೀಳುವುದರಿಂದ. ಮೀನು ಹಾಲಿನಿಂದ ಅದು ಬರುತ್ತದೆ ಎಂಬುದಕ್ಕೆ ಪುರಾವೆ ಇಲ್ಲ. ಯುನಾನಿ ವೈದ್ಯೆಯಾಗಿ ನಾನು ಇದನ್ನು ಗಟ್ಟಿಯಾಗಿ ಹೇಳುವುದಕ್ಕೆ ಕಾರಣವಿದೆ. ಮಚ್ಚೆ ಬಂದ ಹುಡುಗಿಯನ್ನು ಮದುವೆ ಮಾತುಕತೆಯ ಹೊತ್ತಿಗೆ "ನೀನೇ ಏನೋ ತಿಂದಿದ್ದೀ" ಎಂದು ಮನೆಯವರೇ ಚುಚ್ಚುವುದನ್ನು ಕಂಡಿದ್ದೇನೆ. ಅದು ಅಂಟುರೋಗವಲ್ಲ, ಅವಳು ತಿಂದದ್ದರ ಫಲವೂ ಅಲ್ಲ. ದಸ್ತರಖಾನಿನ ಮುಂದೆ ಮೀನು ಹಾಲಿನ ಬಗ್ಗೆ ಎಷ್ಟು ಬೇಕಾದರೂ ವಾದ ಮಾಡಿ, ಆ ಮಾತನ್ನು ಮಾತ್ರ ಅವಳ ತಟ್ಟೆಗೆ ಬಡಿಸಬೇಡಿ. ಮೊಟ್ಟೆಯ ಹಳದಿಯ ವಿಷಯಕ್ಕೆ ಬಂದರೆ, ಆರೋಗ್ಯವಂತರು ದಿನಕ್ಕೊಂದು ಪೂರ್ತಿ ಮೊಟ್ಟೆ ತಿನ್ನಲು ಅಡ್ಡಿಯಿಲ್ಲ. ಮಗಳು ಎಸೆಯುವ ಹಳದಿಯಲ್ಲೇ ವಿಟಮಿನ್‌ಗಳು ಹೆಚ್ಚು ಇವೆ.

ಕೊನೆಗೆ ಉಳಿದ ಅನ್ನ. ರಾತ್ರಿ ಮಿಕ್ಕ ಬಿರಿಯಾನಿಯನ್ನು ಒಲೆಯ ಮೇಲೆಯೇ ಮುಚ್ಚಿಟ್ಟು, ಬೆಳಿಗ್ಗೆ ಬಿಸಿ ಮಾಡಿ ಮಕ್ಕಳ ಡಬ್ಬಿಗೆ ಹಾಕುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಅಕ್ಕಿಯಲ್ಲಿ ಇರುವ ಒಂದು ಬಗೆಯ ರೋಗಾಣುವಿನ ಬೀಜ ಬೇಯಿಸಿದರೂ ಸಾಯುವುದಿಲ್ಲ. ಅನ್ನ ಗಂಟೆಗಟ್ಟಲೆ ಬೆಚ್ಚಗೆ ಹೊರಗೆ ಇದ್ದರೆ ಅದು ಬೆಳೆದು ವಿಷ ಬಿಡುತ್ತದೆ. ಆ ವಿಷ ಮರುದಿನದ ಬಿಸಿಗೆ ಹೋಗುವುದಿಲ್ಲ. ಹಾಗಾಗಿ ಅನ್ನವನ್ನು ಅಗಲ ಪಾತ್ರೆಗೆ ಹರಡಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್‌ಗೆ ಇಡಿ, ಮರುದಿನ ಹಬೆ ಏಳುವಷ್ಟು ಒಮ್ಮೆ ಮಾತ್ರ ಬಿಸಿ ಮಾಡಿ. ಫ್ರಿಜ್ ಇಲ್ಲದ ಮನೆಯಲ್ಲಿ ಸಂಜೆ ಅಕ್ಕಿ ಅಳೆಯುವಾಗಲೇ ಅರ್ಧ ಪಾವು ಕಡಿಮೆ ಹಾಕಿ. ಯಾರಿಗಾದರೂ ಸಾಲದೆ ಬಂದರೆ ಎರಡು ರೊಟ್ಟಿ ತಟ್ಟಲು ಹತ್ತು ನಿಮಿಷ ಸಾಕು.