ಅವಳಿ ಮರಿ ತರುವ ಒಂದಕ್ಷರ

ಗೋಕಾಕದ ಕಲ್ಲುಗುಡ್ಡಗಳಲ್ಲಿ, ಮೂಡಲಗಿಯ ಎರೆಹೊಲಗಳಲ್ಲಿ, ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದ ಸುತ್ತಮುತ್ತ ಮೇಯುವ ದಖ್ಖನಿ ಕುರಿ ಸಾಮಾನ್ಯವಾಗಿ ಒಂದು ಸೂಲಿಗೆ ಒಂದೇ ಮರಿ ಈಯುತ್ತದೆ. ಅದನ್ನು ತಳಿಯ ಕೊರತೆ ಎನ್ನಲಾಗದು. ದಿನವಿಡೀ ನಡೆದು, ಸಿಕ್ಕ ಒಣಹುಲ್ಲು ತಿಂದು, ಸಂಜೆ ಹೊಲದಲ್ಲಿ ತರುಬುವ ತಾಯಿಗೆ ಹಾಲೂಡಿಸಿ ನಡೆಸಿಕೊಂಡು ಹೋಗಲು ಒಂದು ಮರಿಯೇ ಸರಿಯಾದ ಲೆಕ್ಕ. ಆದರೆ ಕುರಿಗಾರನ ಗಳಿಕೆಯೂ ಆ ಒಂದೇ ಮರಿಗೆ ಕಟ್ಟುಬಿದ್ದಿದೆ. ಮೇವಿನ ನೆಲ ಕಡಿಮೆಯಾಗುತ್ತ, ಕಾಲುವೆ ಹೋದಲ್ಲೆಲ್ಲ ಕಬ್ಬು ಹಬ್ಬುತ್ತ ಬಂದ ಈ ಸೀಮೆಯಲ್ಲಿ ಮಂದೆ ದೊಡ್ಡದು ಮಾಡುವ ದಾರಿ ಮುಚ್ಚಿದೆ. ಇದ್ದ ಕುರಿಗಳಿಂದಲೇ ಹೆಚ್ಚು ಮರಿ ಪಡೆಯುವುದೊಂದೇ ಉಳಿದ ದಾರಿ.

ಅದಕ್ಕೊಂದು ಉತ್ತರ ಪಕ್ಕದ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಫಲ್ಟಣದಲ್ಲಿದೆ. ಅಲ್ಲಿನ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆ 1990ರ ದಶಕದಲ್ಲಿ ಬಂಗಾಳದ ಸುಂದರಬನದಿಂದ ಗರೋಲ್ ಕುರಿಗಳನ್ನು ತರಿಸಿತು. ಗರೋಲ್ ಬಹಳ ಚಿಕ್ಕದು, ತೂಕ 10ರಿಂದ 15 ಕಿಲೋ. ಮಾಂಸದ ಲೆಕ್ಕದಲ್ಲಿ ಯಾರೂ ಇದನ್ನು ಆರಿಸರು. ಆದರೆ ಇದು ಅವಳಿ, ತ್ರಿವಳಿ ಹೆರುತ್ತದೆ. 1790ರ ದಶಕದಲ್ಲಿ ಕಲ್ಕತ್ತೆಯಿಂದ ಹಡಗಿನಲ್ಲಿ ಆಸ್ಟ್ರೇಲಿಯಾಕ್ಕೆ ಹೋದ ಬಂಗಾಳದ ಕುರಿಗಳೇ ಅಲ್ಲಿನ ಹೆಸರಾಂತ ಬೂರೂಲಾ ಮೆರಿನೋ ತಳಿಗೆ ಈ ಗುಣ ಕೊಟ್ಟವು ಎಂದು ವಿಜ್ಞಾನಿಗಳು ನಂಬುತ್ತಾರೆ. ಎರಡೂ ಕುರಿಗಳಲ್ಲಿ ಇರುವುದು ಒಂದೇ ಜೀನ್ ಎಂದು 2002ರ ಡಿಎನ್ಎ ಪರೀಕ್ಷೆ ತೋರಿಸಿತು. ಅದರ ಹೆಸರು ಫೆಕ್-ಬಿ.

ಜೀನಿನಲ್ಲಿ ಆಗಿರುವ ಬದಲಾವಣೆ ಅತಿ ಸಣ್ಣದು: ಡಿಎನ್ಎಯ ಒಂದೇ ಅಕ್ಷರ. 2001ರಲ್ಲಿ ಮೂರು ಸಂಶೋಧನಾ ತಂಡಗಳು ಬೇರೆಬೇರೆಯಾಗಿ ಅದನ್ನು ಪತ್ತೆಹಚ್ಚಿದವು. ಈ ಅಕ್ಷರ ಬದಲಾದರೆ ಅಂಡಾಶಯದ ಕೋಶಗಳ ಮೇಲಿರುವ ಒಂದು ಗ್ರಾಹಕ ಪ್ರೋಟೀನಿನಲ್ಲಿ ಒಂದು ಅಮೈನೋ ಆಮ್ಲ ಬೇರೆಯಾಗುತ್ತದೆ. ಮೊಟ್ಟೆಯನ್ನು ಹೊತ್ತ ಗುಳ್ಳೆಗಳು ಪೂರ್ತಿ ದೊಡ್ಡದಾಗುವ ಮೊದಲೇ ಬಲಿಯುತ್ತವೆ. ಸಾಮಾನ್ಯ ಕುರಿಯಲ್ಲಿ ಒಂದು ದೊಡ್ಡ ಗುಳ್ಳೆ ಮುಂದಾಗಿ ಉಳಿದವು ಹಿಂದೆ ಸರಿದರೆ, ಇಲ್ಲಿ ಎರಡು-ಮೂರು ಸಣ್ಣ ಗುಳ್ಳೆಗಳು ಒಟ್ಟಿಗೆ ಒಡೆದು ಮೊಟ್ಟೆ ಬಿಡುತ್ತವೆ.

ಮರಿ ಈ ಜೀನಿನ ಪ್ರತಿಯನ್ನು ತಾಯಿಯಿಂದ ಒಂದು, ತಂದೆಯಿಂದ ಒಂದು ಪಡೆಯಬಹುದು. ಒಂದು ಪ್ರತಿ ಇದ್ದರೆ ಅನೇಕ ಸೂಲುಗಳಲ್ಲಿ ಅವಳಿ ಹುಟ್ಟುತ್ತವೆ. ಎರಡಿದ್ದರೆ ಮೂರು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಅಲೆಯುವ ಮಂದೆಗೆ ಅದು ಹೊರೆ. ಆದ್ದರಿಂದ ನಮ್ಮ ಸೀಮೆಗೆ ಒಂದೇ ಪ್ರತಿ ಹೊತ್ತ ತಾಯಿಯೇ ಸೂಕ್ತ ಎಂಬುದು ನನ್ನ ಅಭಿಪ್ರಾಯ. ಎರಡು ಪ್ರತಿಯ ಟಗರನ್ನು ನಮ್ಮ ದಖ್ಖನಿ ಕುರಿಗೆ ಬಿಟ್ಟರೆ ಹುಟ್ಟುವ ಎಲ್ಲ ಮರಿಗೂ ಒಂದೊಂದು ಪ್ರತಿ ಸಿಗುತ್ತದೆ. ಅದೇ ಟಗರನ್ನು ಆ ಹೆಣ್ಣುಮರಿಗಳ ಮೇಲೂ ಬಿಟ್ಟರೆ ಅವುಗಳ ಮರಿಗಳಲ್ಲಿ ಸುಮಾರು ಅರ್ಧಕ್ಕೆ ಎರಡು ಪ್ರತಿ ಬರುತ್ತವೆ, ರಕ್ತಸಂಬಂಧದ ದೋಷವೂ ಸೇರುತ್ತದೆ. ಬೀಜದ ಟಗರನ್ನು ಬದಲಿಸಬೇಕೆನ್ನುವುದು ಇದಕ್ಕೇ.

ಟಗರಿನ ಮೈ ನೋಡಿ ಈ ಜೀನನ್ನು ಗುರುತಿಸಲಾಗದು. ಕೊಂಬು, ಎದೆ, ಎತ್ತರ ನೋಡಿ ಟಗರು ಆರಿಸುವ ನಮ್ಮ ಹಿರಿಯರ ಕಣ್ಣು ಎಷ್ಟು ಪಳಗಿದ್ದರೂ ಇಲ್ಲಿ ರಕ್ತದ ಡಿಎನ್ಎ ಪರೀಕ್ಷೆಯೇ ಬೇಕು. ಫಲ್ಟಣದವರು ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ನೆರವಿನಿಂದ ಹಾಗೆ ಪರೀಕ್ಷಿಸಿ ಆರಿಸುತ್ತ, ದಖ್ಖನಿಯ ಜೊತೆ ನಮ್ಮ ಬನ್ನೂರು ಕುರಿಯ ರಕ್ತವನ್ನೂ ಸೇರಿಸಿ 'ನಾರಿ ಸುವರ್ಣ' ತಳಿ ಬೆಳೆಸಿದರು. ಮರಿಗೆ ದೊಡ್ಡ ಮೈ ಬರಲೆಂದು ಎಲ್ಲಿಂದಲೋ ತಂದ ಟಗರನ್ನು ಬೆರೆಸಿ ದಖ್ಖನಿಯ ಗಟ್ಟಿತನವನ್ನೂ ಕಂಬಳಿಯ ಕರಿ ಉಣ್ಣೆಯನ್ನೂ ಕಳೆದುಕೊಳ್ಳುವುದಕ್ಕಿಂತ, ಬೇಕಾದ ಜೀನನ್ನು ಹುಡುಕಿ ತರುವ ಈ ದಾರಿ ನನಗೆ ಹೆಚ್ಚು ಹಿಡಿಸುತ್ತದೆ.

ಆದರೆ ಜೀನ್ ಮರಿ ಕೊಡುತ್ತದೆ, ಮೇವು ಕೊಡುವುದಿಲ್ಲ. ಕುರಿಯ ಗಬ್ಬ ಸುಮಾರು 150 ದಿನ. ಮರಿಯ ತೂಕದ ಬಹುಪಾಲು ಸೇರುವುದು ಕೊನೆಯ ಆರು ವಾರಗಳಲ್ಲಿ. ಹೊಟ್ಟೆಯಲ್ಲಿ ಎರಡು ಮರಿ ಒತ್ತಿದಾಗ ಮೇವು ಹಿಡಿಯುವ ಜಾಗವೇ ಕುಗ್ಗುತ್ತದೆ. ಬೇಡಿಕೆ ಏರಿ ಊಟ ಇಳಿಯುವ ಈ ಹೊತ್ತಿನಲ್ಲಿ ತಾಯಿ ತನ್ನ ಕೊಬ್ಬನ್ನೇ ವಿಪರೀತವಾಗಿ ಕರಗಿಸತೊಡಗಿದರೆ ರಕ್ತದಲ್ಲಿ ಕೀಟೋನ್ ತುಂಬಿ, ಮಂಕಾಗಿ ನೆಲಕ್ಕೆ ಬೀಳುತ್ತದೆ. ಹಾಗಾಗಿ ಆ ಆರು ವಾರ ಶೇಂಗಾ ಹೊಟ್ಟು, ತೊಗರಿ ಹೊಟ್ಟಿನ ಜೊತೆ ಒಂದಿಷ್ಟು ಜೋಳದ ನುಚ್ಚು, ಹಿಂಡಿ ಸಿಗಲೇಬೇಕು. ಹುಟ್ಟಿದ ಮರಿಗೆ ಮೊದಲ ಕೆಲವು ಗಂಟೆಗಳಲ್ಲೇ ಗಿಣ್ಣುಹಾಲು ಕುಡಿಸಬೇಕು. ಕುರಿಯ ಮಾಸು ರೋಗನಿರೋಧಕಗಳನ್ನು ಮರಿಗೆ ದಾಟಿಸುವುದಿಲ್ಲ, ಗಿಣ್ಣಿನಿಂದಲೇ ಅವು ಬರಬೇಕು. ಅವಳಿಗಳಲ್ಲಿ ಸಣ್ಣ ಮರಿಯನ್ನು ದೊಡ್ಡದು ಕೆಚ್ಚಲಿನಿಂದ ತಳ್ಳಿಬಿಡುತ್ತದೆ. ಅದನ್ನು ಹಿಡಿದು ಕುಡಿಸುವ ಕೈ ಹಟ್ಟಿಯಲ್ಲಿರಬೇಕು, ಮತ್ತು ಬಹುತೇಕ ಮನೆಗಳಲ್ಲಿ ಆ ಕೈ ಹೆಣ್ಣುಮಕ್ಕಳದು. ತರಬೇತಿ ಎಂದು ಕರೆದಾಗ ಅವರನ್ನೂ ಕರೆಯಬೇಕು.

ಗೋಕಾಕ, ಮೂಡಲಗಿ, ಹುಕ್ಕೇರಿಯ ಕುರಿಗಾರರಲ್ಲಿ ನನ್ನ ಕೋರಿಕೆ ಇಷ್ಟು: ಅವಳಿ ತಳಿಯ ಟಗರೆಂದು ಯಾರಾದರೂ ಮಾರಲು ಬಂದರೆ ಮೊದಲು ಫೆಕ್-ಬಿ ಪರೀಕ್ಷೆಯ ಕಾಗದ ಕೇಳಿ. ಕಾಗದವಿಲ್ಲದಿದ್ದರೆ ಆ ಹೆಸರಿಗೆಂದು ಹೆಚ್ಚಿನ ದುಡ್ಡು ಕೊಡಬೇಡಿ.